ಕುಂಬಳಕ್ಕೆ ಮೊದಲ ಗೀರು

ಆ ಕುಂಬಳಕಾಯಿಗೆ ಮೊದಲ ಚಾಕು ನೀನೇ ಹಾಕು ಎಂದು ಹಸೀನಾಗೆ ಹೇಳಿದವನು ನಾನು. ಅವಳು ತನ್ನಷ್ಟಕ್ಕೆ ತಾನೇ ಹಾಕಿದಳು ಎಂದು ಜವಳಗೇರಾದ ಗೌಡರ ಕಟ್ಟೆಯ ಮುಂದೆ ನಿಂತು ಸುಳ್ಳು ಹೇಳಿದವನೂ ನಾನೇ. ಈ ಎರಡು ಮಾತುಗಳ ನಡುವೆ ಎರಡು ವಾರವೂ ಆಗಿರಲಿಲ್ಲ. ಆಮೇಲೆ ಎಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ನನ್ನ ಸ್ವಭಾವ ನನಗೆ ಗೊತ್ತು. ಸುತ್ತಿ ಬಳಸಿ ಹೊರಟರೆ ಕೊನೆಗೆ ನಾನೇ ಬಡಪಾಯಿ ಎನ್ನುವ ಹಾಗೆ ಕಥೆ ಕಟ್ಟಿಬಿಡುತ್ತೇನೆ. ಕಟ್ಟುವುದು, ಸಿಂಗರಿಸುವುದು — ನನ್ನ ಹೊಟ್ಟೆಪಾಡೇ ಅದು.

ನನ್ನ ಹೆಸರು ಅಮರೇಶ. ಹುಟ್ಟಿದ್ದು ಲಿಂಗಸುಗೂರು, ಅಂಗಡಿ ಇಟ್ಟದ್ದು ಸಿಂಧನೂರು. ಹಣ್ಣು ತರಕಾರಿ ಕೆತ್ತಿ ಹಬ್ಬದೂಟದ, ಮದುವೆಯೂಟದ ಮೇಜು ಸಿಂಗರಿಸುತ್ತೇನೆ. ನೀವು ನೋಡಿರುತ್ತೀರಿ. ಊಟದ ಹಾಲಿನ ಬಾಗಿಲಲ್ಲಿ ಕಲ್ಲಂಗಡಿಯ ಮೇಲೆ ಮದುಮಕ್ಕಳ ಹೆಸರು, ಗಜ್ಜರಿಯ ಗುಲಾಬಿ, ಸವತೆಕಾಯಿಯ ಮೊಸಳೆ. ಫೋಟೋ ಹೊಡೆದುಕೊಂಡು, ಮೂಲಂಗಿ ಹೂವಿನ ಒಂದು ಎಸಳು ಕಿತ್ತು ಬಾಯಿಗೆ ಹಾಕಿಕೊಂಡು ಮುಂದೆ ಹೋಗಿರುತ್ತೀರಿ. ಯಾರು ಮಾಡಿದ್ದು ಎಂದು ನೀವು ಕೇಳಿರಲಿಕ್ಕಿಲ್ಲ. ಕೇಳಿದ್ದರೆ ನನ್ನ ಕಡೆಗೆ ಬೆರಳು ತೋರಿಸುತ್ತಿದ್ದರು. ಅದೂ ಸುಳ್ಳೇ ಆಗುತ್ತಿತ್ತು.

ಪ್ರಾಯದಲ್ಲಿ ಹೈದರಾಬಾದಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ನಾಲ್ಕು ವರ್ಷ ಇದ್ದೆ. ಅಲ್ಲಿ ಕಲಿತದ್ದು ಹೂವು, ಹಂಸ, ನವಿಲು. ಹತ್ತಿಪ್ಪತ್ತು ನಮೂನೆ, ಅಷ್ಟೇ. ಊರಿಗೆ ಬಂದಾಗ ಈ ಕಡೆ ಆ ಕೆಲಸ ಗೊತ್ತಿದ್ದವರು ಇನ್ನೊಬ್ಬರಿರಲಿಲ್ಲ, ಹಾಗಾಗಿ ನಾನೇ ದೊಡ್ಡ ಕಲಾವಿದನಾದೆ. ಕಾಲುವೆ ನೀರಿನಿಂದ ಭತ್ತ ಬೆಳೆದು ಮಿಲ್ಲು ಕಟ್ಟಿದ ಮನೆಗಳವರು ದೀಪಾವಳಿ, ಯುಗಾದಿಗೂ ಮೇಜು ಸಿಂಗರಿಸಲು ಶುರು ಮಾಡಿದ್ದರು. ರಂಜಾನ್ ತಿಂಗಳಲ್ಲಿ ಇಫ್ತಾರ್ ಮೇಜಿಗೂ ಕರೆ ಬರುತ್ತಿತ್ತು. ಕೆಲಸ ಕೈತುಂಬ. ಆದರೆ ನನ್ನ ಕೈ — ಅದು ಹತ್ತಿಪ್ಪತ್ತು ನಮೂನೆಯ ಆಚೆ ಹೋಗಲೇ ಇಲ್ಲ.

ಹಸೀನಾ ನನ್ನಲ್ಲಿಗೆ ಬಂದದ್ದು ತರಕಾರಿ ತೊಳೆಯುವ ಕೆಲಸಕ್ಕೆ. ಮಸ್ಕಿಯವಳು. ಅವಳ ಅಬ್ಬಾ ಅಲ್ಲಿಯ ಪಾತ್ರೆ ಅಂಗಡಿಯ ಮುಂದೆ ಕೂತು ಸ್ಟೀಲಿನ ಕೊಡ, ತಾಟುಗಳ ಮೇಲೆ ಹೆಸರು ಹಾಕುತ್ತಿದ್ದವರು. ಇಂಥವರ ಮದುವೆಗೆ ಇಂಥವರ ಉಡುಗೊರೆ ಎಂದು ಚುಕ್ಕಿ ಚುಕ್ಕಿ ಹೊಡೆದು ಬರೆಯುತ್ತಾರಲ್ಲ, ಅದು. ಅವರ ಕಣ್ಣು ಮಂಜಾದ ಮೇಲೆ ಮಗಳೇ ಕೂತು ಹೊಡೆಯುತ್ತಿದ್ದಳಂತೆ. ಆಮೇಲೆ ಅಂಗಡಿಗೆ ಮಷೀನು ಬಂತು, ಇವಳ ಕೈ ಖಾಲಿಯಾಯಿತು. ಗಂಡ ಕಾಸಿಂ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿದ್ದ. ದಿನಾ ಬೆಳಗಿನ ಬಸ್ಸಿಗೆ ಮಸ್ಕಿಯಿಂದ ಸಿಂಧನೂರಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು.

ಒಂದು ದಿನ ಮದುಮಗಳ ಹೆಸರು ಕೆತ್ತುವಾಗ ನನ್ನ ಚಾಕು ಜಾರಿ ಕಲ್ಲಂಗಡಿ ಹಾಳಾಯಿತು. ಉಳಿದದ್ದು ಒಂದೇ ಹಣ್ಣು, ಮುಹೂರ್ತ ಹತ್ತಿರ. ತಲೆಮೇಲೆ ಕೈಹೊತ್ತು ಕೂತಿದ್ದೆ. "ನಾ ಬರೀಲೇನಣ್ಣ?" ಎಂದಳು. ಬರೆ, ಇನ್ನೇನು ಹಾಳಾಗುವುದಿದೆ ಎಂದೆ. ಹ್ಯಾಕ್ಸಾ ಬ್ಲೇಡನ್ನು ಮಸೆದು ನಾನೇ ಮಾಡಿಕೊಂಡಿದ್ದ ಚಾಕುವನ್ನು ಎರಡು ಸಲ ತಿರುಗಿಸಿ ನೋಡಿ, ಸೀರೆಗೆ ಒರೆಸಿಕೊಂಡು ಶುರು ಮಾಡಿದಳು. ಗುರುತು ಇಲ್ಲ, ಗೆರೆ ಇಲ್ಲ. ಹಸಿರು ಸಿಪ್ಪೆ, ಬಿಳಿ ತಿರುಳು, ಕೆಂಪು — ಮೂರು ಬಣ್ಣವನ್ನೂ ಎಲ್ಲಿ ಎಷ್ಟು ಬೇಕೋ ಅಷ್ಟೇ ತೆರೆದಳು. ಒತ್ತಕ್ಷರದ ಕೊಂಬು ಸಹ ಬಳ್ಳಿಯ ಚಿಗುರಿನ ಹಾಗೆ ತಿರುಗಿತ್ತು. ಅವತ್ತು ನನಗೆ ಖುಷಿಯಾಯಿತು ಎಂದು ಹೇಳುವ ಆಸೆ. ಆಗಲಿಲ್ಲ. ಹೊಟ್ಟೆಕಿಚ್ಚಾಯಿತು.

ಆಮೇಲಿನ ಆರು ವರ್ಷ ಕೆತ್ತಿದ್ದೆಲ್ಲ ಅವಳೇ. ನಾನು ತರಕಾರಿ ಆರಿಸಿ ತರುವುದು, ಗಿರಾಕಿಗಳ ಹತ್ತಿರ ಮಾತಾಡುವುದು, ಕೊನೆಗೆ ಹಾಲಿನ ಬಾಗಿಲಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ನಿಲ್ಲುವುದು. "ಏನ್ ಕೈ ಐತ್ರೀ ಅಮರೇಶ ನಿಮ್ಮದು!" ಎಂದರೆ ಎದೆಯ ಮೇಲೆ ಕೈಯಿಟ್ಟು ತಲೆಬಾಗುತ್ತಿದ್ದೆ. ಅವಳು ಹಿಂದೆ ಬಕೆಟ್ಟು ತೊಳೆಯುತ್ತಿರುತ್ತಿದ್ದಳು. ಒಂದು ಸಲವೂ — ಇಲ್ಲ, ಒಂದು ಸಲ ಒಬ್ಬ ಮುದುಕನ ಮುಂದೆ ಅವಳ ಹೆಸರು ಹೇಳಿದ್ದೆ, ಆತನಿಗೆ ಕಿವಿ ಕೇಳುತ್ತಿರಲಿಲ್ಲ.

ಇನ್ನು ಕುಂಬಳದ ಮಾತು. ನಮ್ಮ ಕಡೆ ಇಡೀ ಕುಂಬಳಕಾಯಿಗೆ ಹೆಣ್ಣುಮಕ್ಕಳು ಮೊದಲ ಚಾಕು ಹಾಕುವುದಿಲ್ಲ. ಗಂಡಸು ಒಂದು ಗೀರು ಹಾಕಿಕೊಡಬೇಕು, ಆಮೇಲೆ ಉಳಿದದ್ದನ್ನೆಲ್ಲ ಅವರೇ ಕೊಯ್ಯುತ್ತಾರೆ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಬೀದಿಯಲ್ಲಿ ಸೈಕಲ್ ಮೇಲೆ ಹೋಗುತ್ತಿರುವವನನ್ನಾದರೂ ನಿಲ್ಲಿಸಿ, ಇಷ್ಟು ಮಾಡಿ ಹೋಗಪ್ಪಾ ಎನ್ನುತ್ತಾರೆ. ಯಾಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಸುರಿ ಇರುವ ಮನೆಯಲ್ಲಂತೂ ಇದು ಬಲು ಕಟ್ಟುನಿಟ್ಟು. ನನಗೆ ಇದರಲ್ಲಿ ನಂಬಿಕೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ನಂಬಿಕೆ ಇಲ್ಲದ ಮಾತನ್ನೇ ಹಿಡಿದು ಇನ್ನೊಬ್ಬರ ಬಾಳು ಕೆಡಿಸಿದೆ, ಅದು ಬೇರೆ.

ಹಸೀನಾ ಇದನ್ನು ನಮ್ಮವರಿಗಿಂತ ಹೆಚ್ಚು ಪಾಲಿಸುತ್ತಿದ್ದಳು. "ಉಣ್ಣೋರ ಮನಸಿನ್ಯಾಗ ಹುಳ ಬಿಡಬಾರದಣ್ಣ," ಎನ್ನುತ್ತಿದ್ದಳು. ಕುಂಬಳ ಇದ್ದ ದಿನ ಅದನ್ನು ನನ್ನ ಮುಂದೆ ತಂದಿಡುವಳು. ನಾನು ಒಂದು ಗೀರು ಎಳೆಯುವೆ — ಬೆರಳುದ್ದದ್ದು. ಇಡೀ ಕೆಲಸದಲ್ಲಿ ನನ್ನದು ಅಂತ ಇರುತ್ತಿದ್ದದ್ದು ಅದೊಂದೇ. ಅದಕ್ಕೂ ಸೋಮಾರಿತನ ಮಾಡಿದೆ ನೋಡಿ.

ಆ ವರ್ಷದ ದೀಪಾವಳಿ ಪಾಡ್ಯ. ಜವಳಗೇರಾದ ಶಂಕರಗೌಡರ ಮಗಳು ಶಿವಲೀಲಾ ಹಬ್ಬಕ್ಕೆ ತವರಿಗೆ ಬಂದಿದ್ದಳು. ಏಳನೇ ತಿಂಗಳು. ಹಬ್ಬದೂಟ ಮತ್ತು ಕುಬಸ ಎರಡನ್ನೂ ಒಂದೇ ದಿನ ಇಟ್ಟುಕೊಂಡಿದ್ದರು — ಹಸಿರು ಸೀರೆ ಉಡಿಸಿ ಉಡಿ ತುಂಬುವುದು, ನೂರಾರು ಜನರ ಊಟ. ವಾರದ ಮುಂಚೆ ಮಾತಾಡಲು ಹೋದಾಗ ಗೌಡರು ಪಾಡ್ಯ ಅಂದಮೇಲೆ ಮೇಜಿನ ಮೇಲೆ ಕುಂಬಳದ ಆಕಳು ಇರಲಿ ಎಂದರು. ಶಿವಲೀಲಾ ಒಳಗಿನಿಂದ ಬಂದು, "ಆಕಳ ಒಂದ ಯಾಕರೀ, ಮಗ್ಗಲಕ ಕರುನೂ ಇರಲಿ," ಎಂದು ನಕ್ಕಳು. ಎಲ್ಲರೂ ನಕ್ಕರು. ನಾನೇ ಕೂತು ಕೆತ್ತುತ್ತೇನೆ ಗೌಡ್ರ, ಬೇರೆಯವರ ಕೈಗೆ ಕೊಡುವುದಿಲ್ಲ ಎಂದು ನಾನು ಮಾತು ಕೊಟ್ಟು ಬಂದೆ.

ಪಾಡ್ಯದ ಬೆಳಿಗ್ಗೆ ಹಸೀನಾ ಒಬ್ಬಳನ್ನೇ ಸಾಮಾನಿನ ಜೊತೆ ಟಂಟಂ ಆಟೋದಲ್ಲಿ ಜವಳಗೇರಾಕ್ಕೆ ಕಳಿಸಿದೆ. ಹಿಂದಿನಿಂದ ಬರುತ್ತೇನೆ ಎಂದೆ. ಹೋದದ್ದು ಸಾಲಗುಂದಕ್ಕೆ, ಗೆಳೆಯನ ತೋಟದ ಶೆಡ್ಡಿಗೆ. ದೀಪಾವಳಿಗೆ ಅಲ್ಲಿ ಇಸ್ಪೀಟು ನಡೆಯುತ್ತಿತ್ತು. ಎಲೆ ಚೆನ್ನಾಗಿ ಬೀಳುತ್ತಿತ್ತು, ಅದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ. ಹುಷಾರಿರಲಿಲ್ಲ, ಗಾಡಿ ಕೆಟ್ಟಿತ್ತು ಎಂದೆಲ್ಲ ನಾನು ಆಮೇಲೆ ಎಷ್ಟೋ ಜನಕ್ಕೆ ಹೇಳಿದ್ದೇನೆ. ಗಾಡಿ ಬೇವಿನ ಮರದ ಕೆಳಗೆ ನೆಟ್ಟಗೇ ನಿಂತಿತ್ತು.

ಒಂಬತ್ತಕ್ಕೆ ಫೋನು ಬಂತು.

"ಅಣ್ಣ, ಎಲ್ಲಿದ್ದೀರಿ? ಗಜ್ಜರಿ, ಮೂಲಂಗಿ ಎಲ್ಲಾ ಆಗ್ಯಾವ. ಕುಂಬಳ ಹಂಗ ಇಟ್ಟೀನಿ. ಬಂದು ಒಂದು ಗೀರು ಹಾಕಿ ಕೊಡ್ರಿ."

"ದಾರ್ಯಾಗ ಅದೀನಿ, ಬರಾಕತ್ತೀನಿ," ಎಂದು ಎಲೆ ಎತ್ತಿಕೊಂಡೆ.

ಅರ್ಧ ಗಂಟೆಗೆ ಮತ್ತೆ ಬಂತು. "ಟೈಮ್ ಆಗಾಕತ್ತೈತಿ ಅಣ್ಣ. ಎರಡು ಕಾಯಿ ಅದಾವ, ಒಂದರ ಮ್ಯಾಲ ಒಂದು ಕೆಲಸ ಐತಿ. ಇಲ್ಲಿ ಅಡಿಗಿಯವರಿಗೆ ಯಾರಿಗರ ಗೀರು ಹಾಕಂತ ಹೇಳ್ಲೇನು?"

ಆಗ ನನಗೆ ದಿಗಿಲಾಯಿತು. ಅಡಿಗೆಯವರನ್ನು ಕೇಳಿದರೆ ಅಮರೇಶ ಇಲ್ಲ ಎಂದು ಇಡೀ ಮನೆಗೆ ತಿಳಿಯುತ್ತದೆ. ಹಾಗಾದರೆ ಕೆತ್ತುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ಆರು ವರ್ಷ ಕಟ್ಟಿಕೊಂಡ ಹೆಸರು —

"ಬ್ಯಾಡ ಬ್ಯಾಡ, ಯಾರಿಗೂ ಹೇಳಬ್ಯಾಡ. ನೀನ ಹಾಕು. ಯಾರು ನೋಡ್ತಾರ? ನಾಳೆ ಯಾರರ ಕೇಳಿದ್ರ ನಾನ ಹಾಕೀನಿ ಅಂತ ಹೇಳ್ತೀನಿ."

ಆ ಕಡೆ ಪಾತ್ರೆಗಳ ಸದ್ದು ಕೇಳುತ್ತಿತ್ತು.

"ಬಸುರಿ ಮನಿ ಅಣ್ಣ ಇದು."

"ನನ್ನ ಮ್ಯಾಲ ಬಿಡು ಅಂದ್ನೆಲ್ಲಾ!" ಎಂದು ರೇಗಿ ಫೋನು ಇಟ್ಟೆ. ಶೆಡ್ಡಿನಲ್ಲಿದ್ದವರು ಯಾರದು ಎಂದು ಕೇಳಿದರು. ಕೆಲಸದಾಕಿ ಎಂದೆ.

ನಾನು ಹೋಗಿ ಮುಟ್ಟಿದ್ದು ಹನ್ನೆರಡು ದಾಟಿದ ಮೇಲೆ. ಹಿತ್ತಲ ಬಾಗಿಲಿನಿಂದ ಒಳಗೆ ಸೇರಿ, ಕೈಗೆ ಸ್ವಲ್ಪ ಕುಂಬಳದ ತಿರುಳು ಹಚ್ಚಿಕೊಂಡು ಮುಂದೆ ಬಂದೆ. ಮೇಜಿನ ಮೇಲೆ ಆಕಳು ನಿಂತಿತ್ತು. ಮೂಲಂಗಿಯ ಕೋಡು, ಮೆಣಸಿನಕಾಳಿನ ಕಣ್ಣು, ಉಳ್ಳಾಗಡ್ಡಿ ತಪ್ಪಲಿನ ಬಾಲ. ಅವೆಲ್ಲ ಇರಲಿ, ಯಾರಾದರೂ ಮಾಡಬಹುದು. ಕರು ಇತ್ತಲ್ಲ — ಚಿಕ್ಕ ಕುಂಬಳದ್ದು — ಕೆಚ್ಚಲಿಗೆ ಬಾಯಿ ಹಾಕುವ ಮುಂಚೆ ಒಂದು ಗಳಿಗೆ ಕತ್ತು ಹೊರಳಿಸಿ ತಾಯಿಯ ಮುಖ ನೋಡುತ್ತಿತ್ತು. ಆ ಹೊರಳಿದ ಕತ್ತು ಹೈದರಾಬಾದಿನಲ್ಲಿ ನನಗೆ ಕಲಿಸಿದವರಿಗೂ ಬರುತ್ತಿರಲಿಲ್ಲ. ಹಸಿರು ಸೀರೆಯ ಶಿವಲೀಲಾ ಕರುವಿನ ಮೂಗನ್ನು ಬೆರಳ ತುದಿಯಿಂದ ಮುಟ್ಟಿ ಸುಮ್ಮನೆ ನಿಂತಳು. ಗೌಡರು ನನ್ನ ಹೆಗಲಿಗೆ ಶಾಲು ಹೊದಿಸಿದರು. ನಾನು ಹೊದಿಸಿಕೊಂಡೆ.

ಗೌಡರ ತಾಯಿ, ಎಲ್ಲರೂ ಆಯಿ ಎನ್ನುತ್ತಿದ್ದ ಮುದುಕಿ, ಬೆಳಿಗ್ಗೆಯಿಂದ ಹಿತ್ತಲ ಪಡಸಾಲೆಯಲ್ಲಿ ಹೂ ಕಟ್ಟುತ್ತ ಕೂತಿದ್ದಳು. ಎಲ್ಲವನ್ನೂ ನೋಡಿದ್ದಳು. ಹಬ್ಬದ ದಿನ ಬಾಯಿ ಬಿಡುವುದು ಬೇಡ ಎಂದು ಸುಮ್ಮನಿದ್ದಳಂತೆ.

ಹತ್ತನೇ ದಿನಕ್ಕೆ ಶಿವಲೀಲಾಳನ್ನು ಆಸ್ಪತ್ರೆಗೆ ಸೇರಿಸಿದರು. ಕೂಸು ಉಳಿಯಲಿಲ್ಲ. ಬಿಪಿ ತೀರಾ ಏರಿತ್ತು, ತಾಯಿ ಉಳಿದದ್ದೇ ದೊಡ್ಡದು ಎಂದು ಡಾಕ್ಟರು ಹೇಳಿದ್ದರು. ಡಾಕ್ಟರ ಮಾತು ಆಸ್ಪತ್ರೆಯಲ್ಲೇ ಉಳಿಯಿತು, ಆಯಿಯ ಮಾತು ಊರೆಲ್ಲ ತಿರುಗಿತು. ಪಾಡ್ಯದ ದಿನ, ಬಸುರಿ ಇರುವ ಮನೆಯಲ್ಲಿ, ಹೆಣ್ಣುಮಗಳೊಬ್ಬಳು ಇಡೀ ಕುಂಬಳಕ್ಕೆ ಚಾಕು ಹಾಕಿದ್ದಾಳೆ. ಒಂದಲ್ಲ, ಎರಡಕ್ಕೆ. ಆಕಳಿಗೂ ಕರುವಿಗೂ.

ಗೌಡರು ನಮ್ಮಿಬ್ಬರನ್ನೂ ಬರಹೇಳಿದರು. ಬಸ್ಸಿನಲ್ಲಿ ಹಸೀನಾ ಮುಂದಿನ ಸೀಟಿನಲ್ಲಿ ಕೂತಿದ್ದಳು. ಒಂದು ಸಲ ತಿರುಗಿ, "ಏನಂತಾರ ಅಣ್ಣ?" ಎಂದಳು. "ನಾ ಅದೀನೆಲ್ಲಾ," ಎಂದೆ. ಅವಳ ಮುಖ ಸಡಿಲವಾಯಿತು. ಆ ಕ್ಷಣ ನಿಜ ಹೇಳಬೇಕೆಂದೇ ಇದ್ದೆ ಎಂದು ಬರೆಯಲು ಹೊರಟಿದ್ದೆ, ನಿಲ್ಲಿಸಿದೆ. ಇದ್ದೆನೋ ಇಲ್ಲವೋ ಈಗ ನನಗೇ ತಿಳಿಯದು. ಇದ್ದರೂ ಅದರಿಂದ ಅವಳಿಗೆ ಆದದ್ದೇನು?

ಕಟ್ಟೆಯ ಮೇಲೆ ಗೌಡರು, ಅವರ ಇಬ್ಬರು ಅಣ್ಣತಮ್ಮಂದಿರು, ಬಾಗಿಲಲ್ಲಿ ಆಯಿ. ಹಸೀನಾ ಕಟ್ಟೆಯ ಕೆಳಗೆ, ಸೆರಗು ತಲೆಯ ಮೇಲೆಳೆದುಕೊಂಡು ನಿಂತಳು. ಗೌಡರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತೇನೋ. ಅವರ ಕಣ್ಣು ಅತ್ತು ಅತ್ತು ಊದಿದ್ದವು.

"ಅಮರೇಶ, ಕುಂಬಳಕ್ಕ ಮೊದಲನೇ ಚಾಕು ಯಾರು ಹಾಕಿದ್ರು?"

ಹಸೀನಾ ನನ್ನ ಕಡೆ ನೋಡಿದಳು. ಗಾಬರಿಯಿಂದಲ್ಲ, ಸುಮ್ಮನೆ ನೋಡಿದಳು. ನಾನು ಹೇಳುವುದು ಏನೆಂದು ಅವಳಿಗೆ ಗೊತ್ತಿತ್ತು, ನಾನೇ ಹೇಳಿಕೊಟ್ಟಿದ್ದೆನಲ್ಲ.

"ನಾ ಆಗ ಇದ್ದಿದ್ದಿಲ್ರೀ ಗೌಡ್ರ. ಆಕಿ ತಾನ ಹಾಕ್ಯಾಳ. ಆಕಿಗೆ ನಮ್ಮ ಪದ್ಧತಿ ಗೊತ್ತಿಲ್ರೀ."

ಕೊನೆಯ ಮಾತನ್ನು ಯಾಕೆ ಸೇರಿಸಿದೆ? ಯಾರೂ ಕೇಳಿರಲಿಲ್ಲ. ಮೊದಲೆರಡು ಮಾತಿನಲ್ಲೇ ನಾನು ಪಾರಾಗಿದ್ದೆ. ಆದರೂ ಸೇರಿಸಿದೆ. ಅದನ್ನು ಸೇರಿಸಿದರೆ ಕಟ್ಟೆಯ ಮೇಲಿನವರು ತಲೆಯಾಡಿಸುತ್ತಾರೆ ಎಂದು ನನ್ನೊಳಗೆ ಯಾರೋ ಲೆಕ್ಕ ಹಾಕಿದ್ದರು — ಯಾರೋ ಅಲ್ಲ, ನಾನೇ. ಉಣ್ಣುವವರ ಮನಸ್ಸಿನಲ್ಲಿ ಹುಳ ಬಿಡಬಾರದು ಎಂದು ಆರು ವರ್ಷ ಪ್ರತಿ ಕುಂಬಳವನ್ನೂ ನನ್ನ ಮುಂದೆ ತಂದಿಟ್ಟವಳಿಗೆ ಪದ್ಧತಿ ಗೊತ್ತಿಲ್ಲ ಎಂದೆ. ಅವರು ತಲೆಯಾಡಿಸಿದರು.

ಹಸೀನಾ ಯಾವಾಗಲೂ ನನ್ನ ಹತ್ತಿರ ಕನ್ನಡದಲ್ಲೇ ಮಾತಾಡುತ್ತಿದ್ದಳು. ಅವತ್ತು ಆ ಕನ್ನಡ ಅವಳ ಬಾಯಿಗೆ ಬರಲಿಲ್ಲ. ಮನೆಯ ಮಾತು ಬಂತು.

"ಅಣ್ಣಾ... ತುಮೀಚ್ ಬೋಲೇ ನಾ?"

ನೀವೇ ಹೇಳಿದಿರಲ್ಲ? ಅಷ್ಟೇ. ಜೋರಾಗಿಯೂ ಅನ್ನಲಿಲ್ಲ. ಲಿಂಗಸುಗೂರಿನ ಸಂತೆಯಲ್ಲಿ ಆ ಮಾತನ್ನು ಆಡಿಕೊಂಡೇ ಬೆಳೆದವನು ನಾನು, ಹೈದರಾಬಾದಿನಲ್ಲಿ ನಾಲ್ಕು ವರ್ಷ ಬೇರೆ ಮಾತೇ ಆಡಿರಲಿಲ್ಲ. ನಾನು ಗೌಡರ ಕಡೆ ತಿರುಗಿ ಹೆಗಲು ಕುಣಿಸಿ, "ಏನಂತಾಳೋ ಏನೋ," ಎಂದೆ.

ಫೋನಿನಲ್ಲಿ ನಾನು ಹೇಳಿದ್ದನ್ನು ಅವಳು ಬಿಡಿಸಿ ಹೇಳಬಹುದಿತ್ತು, ಆರು ವರ್ಷದ ಗುಟ್ಟನ್ನೆಲ್ಲ ಅಲ್ಲೇ ಬಿಚ್ಚಬಹುದಿತ್ತು. ಏನೂ ಮಾಡಲಿಲ್ಲ. ಆಯಿ ಬಾಗಿಲಿನಿಂದ, ನಮ್ಮ ಮನಿ ಬೆಳಕ ಕೊಯ್ದೆಲ್ಲಬೇ ಎಂದು ಎದೆ ಎದೆ ಬಡಿದುಕೊಂಡಳು. ಹಸೀನಾ ಆ ಮುದುಕಿಗೆ ಕೈಮುಗಿದು, ತಿರುಗಿ, ಬಸ್ಸಿನ ದಾರಿ ಹಿಡಿದಳು. ಹೋಗುವಾಗ ಬಸ್ಸಿನಲ್ಲಿ ನನ್ನ ಮುಂದೆ ಕೂತಿದ್ದವಳು ಬರುವಾಗ ಬೇರೆ ಬಸ್ಸಿಗೆ ಬಂದಳು. ನನ್ನ ಅಂಗಡಿಗೆ ಮತ್ತೆ ಕಾಲಿಡಲಿಲ್ಲ.

ಆಮೇಲೆ ಯಾವ ಮಂಗಳಕಾರ್ಯಕ್ಕೂ ಅವಳನ್ನು ಯಾರೂ ಕರೆಯಲಿಲ್ಲ. ತುರ್ವಿಹಾಳದ ಒಂದು ಮದುವೆಗೆ ತರಕಾರಿ ಹೆಚ್ಚಲು ಹೋದವಳನ್ನು ಅರ್ಧದಲ್ಲಿ ಎಬ್ಬಿಸಿ ಕಳಿಸಿದರಂತೆ. ಅವರ ಜನರ ಮನೆಗಳಲ್ಲೂ, ಯಾಕೆ ಬೇಕು ಇಲ್ಲದ ಮಾತು ಎಂದು ಹಿಂದೆ ಸರಿದರು. ಇದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಕೇಳಿ, ಛೇ ಪಾಪ ಎನ್ನುತ್ತಿದ್ದೆ! ಛೇ ಪಾಪ — ನನ್ನ ಬಾಯಿಂದ.

ನನ್ನ ಅಂಗಡಿ ನಡೆಯಿತು. ಇಬ್ಬರನ್ನು ಕೆಲಸಕ್ಕಿಟ್ಟುಕೊಂಡೆ. ಈಗ ಹೆಸರನ್ನು ಕಾಗದದಲ್ಲಿ ಕತ್ತರಿಸಿ ಕಲ್ಲಂಗಡಿಗೆ ಅಂಟಿಸಿ ಅದರ ಗುಂಟ ಚಾಕು ಎಳೆಯುತ್ತೇವೆ. ಮೊದಲಿನ ಹಾಗೆ ಆಗುವುದಿಲ್ಲ ಯಾಕೆ ಎಂದು ಹಳೆಯ ಗಿರಾಕಿಗಳು ಕೇಳಿದರೆ, ವಯಸ್ಸಾಯ್ತಲ್ರೀ, ಕೈ ನಡುಗುತ್ತದೆ ಎನ್ನುತ್ತೇನೆ. ಅಂಗಡಿಯ ಮೇಲಿನ ಬ್ಯಾನರಿನಲ್ಲಿ ಇವತ್ತಿಗೂ ಇರುವುದು ಅವಳು ಕೆತ್ತಿದವುಗಳ ಫೋಟೋ. ನಡುವೆ ನನ್ನ ಮುಖ. ಆಕಳು ಕರುವಿನ ಫೋಟೋ ಮಾತ್ರ ತೆಗೆಸಿದೆ. ಜನ ಹೊಗಳಿದ ಕೆತ್ತನೆಗಳೆಲ್ಲ ನನ್ನವಾದವು, ಜನ ಬೈದ ಆ ಎರಡು ಗೀರುಗಳಷ್ಟೇ ಅವಳವಾಗಿ ಉಳಿದವು.

ಹೀಗೇ ಸಾಯುವವರೆಗೂ ನಡೆಯುತ್ತಿತ್ತೇನೋ. ಈ ಬೇಸಿಗೆಯಲ್ಲಿ ಸಿಂಧನೂರಿನ ಒಂದು ಮದುವೆಯಲ್ಲಿ ಮೇಜಿನ ಹತ್ತಿರ ನಿಂತಿದ್ದೆ. ಒಬ್ಬ ಹೆಣ್ಣುಮಗಳು ಐದು ವರ್ಷದ ಮಗಳನ್ನು ಕೈಹಿಡಿದು ಬಂದಳು. ಮಗು ಸವತೆಕಾಯಿ ಮೊಸಳೆಯ ಬಾಯಿಗೆ ಬೆರಳಿಟ್ಟು ನಗುತ್ತಿತ್ತು. ತಾಯಿ ನನ್ನನ್ನೇ ನೋಡುತ್ತಿದ್ದಳು. ಶಿವಲೀಲಾ.

"ಆರಾಮ ಅದೀರೇನ್ರೀ ಕಾಕಾ?" ಎಂದಳು. ನಾನು ಹೂಂ ಎಂದೆ. ಅವಳು ಮಗಳ ತಲೆ ಸವರುತ್ತ, ಮೆಲ್ಲಗೆ, ಯಾವುದೋ ಬೇರೆಯವರ ವಿಷಯ ಹೇಳುವ ಹಾಗೆ ಹೇಳಿದಳು. "ಕರು ಬೇಕಂತ ಹಟ ಮಾಡಿದಾಕಿ ನಾನ ನೋಡ್ರಿ. ಎರಡನೇ ಕಾಯಿ ನನ್ನ ಸಲುವಾಗಿ ಬಂತು. ನಾನ ಕೇಳದಿದ್ರ... ಇವತ್ತಿಗೂ ಕುಂಬಳ ಕಂಡ್ರ ಕೈಕಾಲು ತಣ್ಣಗಾಗ್ತಾವ. ಅತ್ತಿ ಮನ್ಯಾಗ ಒಂದೆರಡು ಸಲ ಬಾಯಿ ಬಿಟ್ಟು ಅಂದಾರ, ನೀ ಬೇಡಿ ತಂದ್ಕೊಂಡಿ ಅಂತ."

ಎಂಟು ವರ್ಷ ನಾನು ಕೆಡಿಸಿದ್ದು ಒಬ್ಬಳ ಬಾಳು ಎಂದುಕೊಂಡಿದ್ದೆ. ಗೌಡರ ಮನೆಯವರು ಕುಂಬಳದ ಮಾತನ್ನು ಬಿಟ್ಟು ಡಾಕ್ಟರ ಮಾತನ್ನು ಹಿಡಿಯುವ ಒಂದು ದಾರಿ ಅವತ್ತು ಕಟ್ಟೆಯ ಮುಂದೆ ಇತ್ತು. ನಾನು ಹಾಕೀನಿ ಎಂದಿದ್ದರೆ ಸಾಕಿತ್ತು, ಆ ಸುಳ್ಳಾದರೂ ಇಬ್ಬರನ್ನು ಕಾಯುತ್ತಿತ್ತು. ನಾನು ಆಡಿದ್ದು ಇಬ್ಬರನ್ನೂ ಮುಳುಗಿಸುವ ಸುಳ್ಳು. ಅಷ್ಟೆಲ್ಲ ಹೊಳೆದರೂ ಮದುವೆಯ ಹಾಲಿನಲ್ಲಿ ನನ್ನ ಬಾಯಿಂದ ಬಂದದ್ದು, "ದೇವರ ಇಚ್ಛಾ ತಾಯಿ," ಎಂಬ ಮಾತು. ಹೇಳಿ ಹಿತ್ತಲಿಗೆ ಹೋಗಿ ಬಕೆಟ್ಟುಗಳ ನಡುವೆ ನಿಂತುಬಿಟ್ಟೆ.

ವಾರದ ನಂತರ ಮಸ್ಕಿಗೆ ಹೋದೆ. ಹಸೀನಾ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಖಾನಾವಳಿಯಲ್ಲಿ ತರಕಾರಿ ಹೆಚ್ಚುತ್ತಾಳೆ ಎಂದು ಕೇಳಿದ್ದೆ. ಹಿಂದಿನ ಬಾಗಿಲಲ್ಲಿ, ಗೋಣಿಚೀಲದ ಮೇಲೆ ಕೂತಿದ್ದಳು. ಮುಂದೆ ಉಳ್ಳಾಗಡ್ಡಿಯ ರಾಶಿ. ಕೂದಲು ಅರ್ಧ ಬೆಳ್ಳಗಾಗಿದೆ. ನನ್ನನ್ನು ನೋಡಿ ಚಾಕು ನಿಲ್ಲಿಸಲಿಲ್ಲ. ಕಲಾವಿದರ ಕೈ ಅದು, ಉಳ್ಳಾಗಡ್ಡಿಯನ್ನೂ ಒಂದೇ ದಪ್ಪಕ್ಕೆ ಹೆಚ್ಚುತ್ತಿತ್ತು.

"ಕುಂದರ್ರಿ ಅಣ್ಣ," ಎಂದಳು. ಇನ್ನೂ ಅಣ್ಣ ಎಂದಳು. ಬಯ್ದಿದ್ದರೆ ಚೆನ್ನಾಗಿತ್ತು.

ಕೂತೆ. ಅವಳು ಪಕ್ಕದಲ್ಲಿದ್ದ ಒಂದು ಕುಂಬಳಕಾಯಿಯನ್ನು ನನ್ನ ಕಡೆ ಉರುಳಿಸಿದಳು.

"ಚೊಲೋ ಹೊತ್ತಿಗೆ ಬಂದ್ರಿ. ಅಡಿಗಿಯಾತ ಇನ್ನಾ ಬಂದಿಲ್ಲ, ಇದು ಮುಂಜಾನಿಂದ ಕಾಯಾಕತ್ತೈತಿ. ಒಂದು ಗೀರು ಹಾಕಿ ಕೊಡ್ರಿ."

ನನ್ನನ್ನು ಚುಚ್ಚಲು ಹೇಳಿದಳೇ ಎಂದು ಮುಖ ನೋಡಿದೆ. ಚುಚ್ಚುವಿಕೆ ಏನೂ ಇರಲಿಲ್ಲ. ನಿಜವಾಗಿಯೂ ಮುಂಜಾನೆಯಿಂದ ಅದನ್ನು ಬದಿಗಿಟ್ಟು ಕಾದಿದ್ದಳು. ಅವತ್ತಿನ ನಂತರ ಎಂಟು ವರ್ಷದಲ್ಲಿ ಒಂದೇ ಒಂದು ಕುಂಬಳಕ್ಕೂ ಅವಳು ಮೊದಲ ಚಾಕು ಹಾಕಿಲ್ಲವಂತೆ. ಬಾಳಿನಲ್ಲಿ ಹಾಕಿದ್ದು ಆ ಎರಡಕ್ಕೆ ಮಾತ್ರ. ನಾನು ಚಾಕು ತಗೊಂಡು ಗೀರು ಎಳೆದೆ. ಸೊಟ್ಟಗೆ ಬಂತು. ಅವಳು ಕಾಯಿಯನ್ನು ಎಳೆದುಕೊಂಡು ಹೋಳು ಮಾಡತೊಡಗಿದಳು.

ಆಗ ಹೇಳಿದೆ. ತಪ್ಪಾಯ್ತವ್ವಾ, ನಾನೇ ಹೇಳಿದ್ದೆ ನಿನಗೆ, ನಾನೇ ಸುಳ್ಳಾಡಿದೆ ಎಂದೆ. ಅಳು ಬಂತು, ಅತ್ತೂಬಿಟ್ಟೆ. ಅವಳು ಬೀಜ ತೆಗೆಯುತ್ತಲೇ ಕೇಳಿಸಿಕೊಂಡಳು.

"ಇದನ್ನ ನನಗ್ಯಾಕ ಹೇಳಾಕತ್ತೀರಿ ಅಣ್ಣ? ನನಗ ಗೊತ್ತಿದ್ದದ್ದ ಐತೆಲ್ಲ. ಗೊತ್ತಿಲ್ಲದವರಿಗೆ ಹೇಳ್ರಿ."

ವಾಪಸ್ ಅಂಗಡಿಗೆ ಬಾ, ಬ್ಯಾನರಿನ ಮೇಲೆ ನಿನ್ನ ಹೆಸರು ಹಾಕುತ್ತೇನೆ ಎಂದೆ. ತಲೆಯೆತ್ತದೆ, ಹೋಳುಗಳನ್ನು ಪಾತ್ರೆಗೆ ತಳ್ಳಿ, "ಬಸ್ಸಿಗೆ ತಡ ಆಗ್ತೈತಿ ನಿಮಗ," ಎಂದಳು.

ಅಲ್ಲಿಂದ ನೆಟ್ಟಗೆ ಜವಳಗೇರಾಕ್ಕೆ ಹೋದೆ ಎಂದು ಬರೆಯುವಂತಿದ್ದರೆ! ಹೋಗಲಿಲ್ಲ. ಐದು ತಿಂಗಳು ಇವತ್ತು ನಾಳೆ ಎಂದೆ. ಕೊನೆಗೆ ಈ ಪಾಡ್ಯದ ದಿನ, ಶಿವಲೀಲಾ ತವರಿಗೆ ಬಂದಿರುತ್ತಾಳೆ ಎಂದು ತಿಳಿದುಕೊಂಡು ಹೋದೆ. ಆಯಿ ತೀರಿಕೊಂಡು ಎರಡು ವರ್ಷವಾಯಿತಂತೆ. ಹಸೀನಾಳ ಹೆಸರಿಗೆ ಶಾಪ ಹಾಕುತ್ತಲೇ ಹೋದಳು ಎಂದರು. ಆ ಮುದುಕಿಗೆ ಹೇಳುವುದು ಇನ್ನು ಯಾವ ಜನ್ಮಕ್ಕೂ ಆಗುವುದಿಲ್ಲ.

ಅದೇ ಕಟ್ಟೆ. ಹಬ್ಬದ ಮಂದಿ ಎಲ್ಲ ಇದ್ದರು. ಅವತ್ತು ಹಸೀನಾ ನಿಂತಿದ್ದ ಜಾಗದಲ್ಲಿ, ಕಟ್ಟೆಯ ಕೆಳಗೆ ನಿಂತು ಎಲ್ಲ ಹೇಳಿದೆ. ಸಾಲಗುಂದದ ಇಸ್ಪೀಟು, ಫೋನಿನ ಮಾತು, ಆರು ವರ್ಷ ಕೆತ್ತಿದ್ದು ಯಾರು, ಪದ್ಧತಿ ಯಾರಿಗೆ ಗೊತ್ತಿತ್ತು, ಯಾರಿಗೆ ಬೇಕಿರಲಿಲ್ಲ. ಶಿವಲೀಲಾಳಿಗೆ, ತಾಯಿ, ನಿನ್ನ ಕೂಸಿಗೆ ಆದದ್ದು ಡಾಕ್ಟರು ಹೇಳಿದ ಬಿಪಿಯಿಂದ, ಕುಂಬಳದಿಂದಲ್ಲ, ನೀನು ಕೇಳಿದ ಕರುವಿನಿಂದಲ್ಲ ಎಂದೆ. ಅವಳು ಕಂಬ ಹಿಡಿದು ನಿಂತಿದ್ದಳು.

"ಆಕಿ ಎಲ್ಲದಾಳ ಈಗ?" ಎಂದಳು. ಮಸ್ಕಿ ಎಂದೆ.

ಶಂಕರಗೌಡರು ನನ್ನ ಕಡೆ ನೋಡದೆ ಹೇಳಿದರು. "ಆಕಿ ಅವತ್ತು ಅಂದದ್ದು ನಮಗೆಲ್ಲಾ ತಿಳಿದಿತ್ತಲೇ ಅಮರೇಶ. ಈ ಊರಾಗ ಆ ಮಾತು ಯಾರಿಗೆ ತಿಳಿಯಂಗಿಲ್ಲ?"

ಅವರಿಗೂ ತಿಳಿದಿತ್ತು ಎನ್ನುವುದರಿಂದ ನನ್ನ ಪಾಲಿನದು ಒಂದು ತೂಕವೂ ಇಳಿಯುವುದಿಲ್ಲ. ಅವರು ಅವತ್ತು ಕೂಸು ಕಳೆದುಕೊಂಡು ಕೂತವರು. ನಾನು ಏನನ್ನೂ ಕಳೆದುಕೊಂಡಿರಲಿಲ್ಲ.

ಬ್ಯಾನರು ಇಳಿಸಿದ್ದೇನೆ. ಇದನ್ನು ಬರೆದದ್ದು ಗೊತ್ತಿಲ್ಲದ ಉಳಿದವರಿ‌ಗಾಗಿ — ಸಿಂಧನೂರಿನಲ್ಲಿ, ತುರ್ವಿಹಾಳದಲ್ಲಿ, ಲಿಂಗಸುಗೂರಿನಲ್ಲಿ ಅವಳನ್ನು ಬಾಗಿಲಿನಿಂದ ತಿರುಗಿಸಿ ಕಳಿಸಿದ ಪ್ರತಿ ಮನೆಗೆ. ಹಸೀನಾಗೆ ಹೇಳುವುದು ಒಂದೇ ಉಳಿದಿದೆ. ಅವತ್ತು ಕಟ್ಟೆಯ ಮುಂದೆ ಅವಳು ನನ್ನನ್ನು ಒಂದು ಪ್ರಶ್ನೆ ಕೇಳಿದ್ದಳು, ನಾನು ಉತ್ತರ ಕೊಟ್ಟಿರಲಿಲ್ಲ.

ಹೌದವ್ವಾ. ಮೈಚ್ ಬೋಲಾ. ನಾನೇ ಹೇಳಿದ್ದೆ.